ಎಳೆಯ ಕೀಲಿಗೆ ಎಂಆರ್‌ಐ ಕಣ್ಣು

ಮಕ್ಕಳ ಸಂಧಿವಾತದ ಜಾಡನ್ನು ಎಂಆರ್‌ಐ ಎಕ್ಸ್‌ರೇಗಿಂತ ಬಹಳ ಮೊದಲೇ ಹಿಡಿಯಬಲ್ಲದು. ಆದರೆ ಆ ಯಂತ್ರದವರೆಗೆ ಮಗುವನ್ನು ಮುಟ್ಟಿಸುವ ಕೆಲಸ ಶುರುವಾಗಬೇಕಾದದ್ದು ಮನೆಯ ಪಡಸಾಲೆಯಲ್ಲಿ, ಊರ ಶಾಲೆಯ ಅಂಗಳದಲ್ಲಿ.

ಜಮಖಂಡಿ ತಾಲ್ಲೂಕಿನ ತುಬಚಿಯ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ. ಕೃಷ್ಣೆಯ ನೀರು, ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆಯ ಹಂಗಾಮು, ಎಮ್ಮೆಯ ಹೈನು ಎಂದು ಈ ಸೀಮೆಯ ಮನೆಗಳಲ್ಲಿ ನಸುಕಿಗೇ ಕೆಲಸ ಹತ್ತುತ್ತದೆ. ಅಂಥ ಅವಸರದ ಹೊತ್ತಿನಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಹಾಸಿಗೆಯಿಂದೆದ್ದು ಕುಂಟುತ್ತ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ‘ರಾತ್ರಿ ವಾರೆ ಮಲಗ್ಯಾಳ’ ಎನ್ನುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಆಕೆ ಅಂಗಳದಲ್ಲಿ ಓಡಾಡುತ್ತಿರುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ. ವಾರ ಕಳೆದ ಮೇಲೆ ಮೊಣಕಾಲು ಬಾತದ್ದು ಕಾಣುತ್ತದೆ. ಎಲ್ಲೋ ಬಿದ್ದಿರಬೇಕು ಎಂದು ಎಣ್ಣೆ ತಿಕ್ಕುತ್ತಾರೆ, ಉಪ್ಪಿನ ಶಾಖ ಕೊಡುತ್ತಾರೆ. ಬಾವು ಇಳಿಯದಿದ್ದರೆ ಎಲುಬು ಕೂಡಿಸುವವರ ಹತ್ತಿರ ಒಂದು ಕಟ್ಟು, ಆಮೇಲೆ ಊರಿನ ಡಾಕ್ಟರ ಹತ್ತಿರ ಒಂದು ಸೂಜಿ. ಯಾರಾದರೂ ಸಂಧಿವಾತದ ಮಾತೆತ್ತಿದರೆ ಅಜ್ಜಿ ಥಟ್ಟನೆ ಕೇಳುತ್ತಾಳೆ: ‘ಮುದುಕರ ಬ್ಯಾನಿ ಕೂಸಿಗೆ ಹ್ಯಾಂಗ ಬರತೈತ್ರಿ?’

ಬರುತ್ತದೆ. ಹದಿನಾರು ತುಂಬುವುದರೊಳಗೆ ಶುರುವಾಗಿ, ಕನಿಷ್ಠ ಆರು ವಾರ ಉಳಿದು, ಬೇರಾವ ಕಾರಣವೂ ಸಿಗದ ಕೀಲಿನ ಉರಿಯೂತಕ್ಕೆ ವೈದ್ಯರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ; ಚಿಕ್ಕದಾಗಿ ಜೆಐಎ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿದ್ದ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲೇ 22 ಮಕ್ಕಳನ್ನು ಗಮನಿಸಿ, ಇದು ದೊಡ್ಡವರ ಕಾಯಿಲೆಯ ಸಣ್ಣ ರೂಪವಲ್ಲ, ಇದರ ದಾರಿಯೇ ಬೇರೆ ಎಂದು ಬರೆದಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಸರಿಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇದು ಇದೆ ಎಂಬ ಅಂದಾಜಿದೆ.

ಏಳು ಬಗೆ, ಹಲವು ವೇಷ

ಜೆಐಎ ಒಂದೇ ಕಾಯಿಲೆಯಲ್ಲ, ಏಳು ಬಗೆಗಳ ಒಂದು ಗುಂಪು. ಒಂದರಿಂದ ನಾಲ್ಕು ಕೀಲುಗಳಿಗೆ ಬರುವ ಬಗೆ ಪುಟ್ಟ ಹುಡುಗಿಯರಲ್ಲಿ ಹೆಚ್ಚು. ಐದು ಅಥವಾ ಅದಕ್ಕಿಂತ ಹೆಚ್ಚು ಕೀಲು ಹಿಡಿಯುವ ಬಗೆ ಬೆರಳು, ಮಣಿಕಟ್ಟುಗಳನ್ನೂ ಬಿಡುವುದಿಲ್ಲ. ದಿನಕ್ಕೊಮ್ಮೆ ಏರಿ ಇಳಿಯುವ ಜ್ವರ, ಮೈಮೇಲೆ ಮೂಡಿ ಮಾಯವಾಗುವ ನಸುಗೆಂಪು ಮಚ್ಚೆಗಳೊಂದಿಗೆ ಬರುವ ಬಗೆ ಎಲ್ಲಕ್ಕಿಂತ ಉಗ್ರ. ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗದಲ್ಲಿ, ಅಂದರೆ ಹಿಮ್ಮಡದ ಹಿಂದೆ, ಮೊಣಕಾಲ ಚಿಪ್ಪಿನ ಕೆಳಗೆ, ಸೊಂಟದಲ್ಲಿ ಉರಿಯೂತ ಎಬ್ಬಿಸುವ ಇನ್ನೊಂದು ಬಗೆ ದೊಡ್ಡ ಹುಡುಗರಲ್ಲಿ ಹೆಚ್ಚು. ಭಾರತದ ಚಿಕಿತ್ಸಾಲಯಗಳಿಗೆ ಬರುವ ಮಕ್ಕಳಲ್ಲಿ ಈ ಬಗೆಯವರದು ದೊಡ್ಡ ಪಾಲು. ಕಬಡ್ಡಿ ಆಡುವ, ಗರಡಿಗೆ ಹೋಗುವ ಹುಡುಗ ಹಿಮ್ಮಡ ನೋವು ಎಂದರೆ ನಮ್ಮಲ್ಲಿ ಆಟದ ಪೆಟ್ಟು ಎಂದೇ ಲೆಕ್ಕ. ಪೆಟ್ಟಿನ ನೋವು ವಿಶ್ರಾಂತಿ ಕೊಟ್ಟರೆ ಕಡಿಮೆಯಾಗಬೇಕು. ಮಲಗೆದ್ದಾಗ ಹೆಚ್ಚಾಗಿ, ಓಡಾಡಿದ ಮೇಲೆ ಸಡಿಲಾಗುವ ನೋವು ಉರಿಯೂತದ್ದು. ಸಂಧಿವಾತದ ಗುರುತುಗಳಲ್ಲಿ ಇದೇ ಮುಖ್ಯ, ಇದನ್ನು ಹಿಡಿಯಲು ಯಾವ ಯಂತ್ರವೂ ಬೇಡ.

ರಕ್ತಪರೀಕ್ಷೆಯನ್ನು ನಂಬಿ ಕೂತವರೂ ಮೋಸಹೋಗುತ್ತಾರೆ. ‘ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದೈತಿ, ಸಂಧಿವಾತ ಅಲ್ಲ’ ಎಂಬ ತೀರ್ಪು ಮಕ್ಕಳ ವಿಷಯದಲ್ಲಿ ತಪ್ಪು. ಜೆಐಎ ಇರುವ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಆ ಪರೀಕ್ಷೆ ನೆಗೆಟಿವ್ ಇರುತ್ತದೆ. ಹಾಗೆಯೇ ಎಎಸ್‌ಓ ಎಂಬ ಇನ್ನೊಂದು ರಕ್ತಪರೀಕ್ಷೆಯ ಪ್ರಮಾಣ ಸ್ವಲ್ಪ ಏರಿದ್ದು ಕಂಡು, ಇದು ಹೃದಯಕ್ಕೆ ತಗಲುವ ರುಮ್ಯಾಟಿಕ್ ಜ್ವರವೇ ಎಂದುಕೊಂಡು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತ ವರ್ಷಗಳೇ ಕಳೆದುಹೋಗುವುದುಂಟು. ರುಮ್ಯಾಟಿಕ್ ಜ್ವರದ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಜೆಐಎ ಹಿಡಿದ ಕೀಲನ್ನು ಅಷ್ಟು ಬೇಗ ಬಿಡುವುದಿಲ್ಲ.

ಈ ಸೀಮೆಯ ಡಾಕ್ಟರಿಗೆ ಇರುವ ತೊಡಕು

ಬಾತ ಕೀಲೆಲ್ಲ ಜೆಐಎ ಅಲ್ಲ ಎಂಬುದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸುತ್ತಲಿನ ವೈದ್ಯರಿಗೆ ಬೆಂಗಳೂರಿನವರಿಗಿಂತ ಹೆಚ್ಚು ಗೊತ್ತಿರಬೇಕು. ಕುರಿ, ಆಡು, ಎಮ್ಮೆ ಕಟ್ಟಿಕೊಂಡ ಮನೆಗಳಲ್ಲಿ ಹಸಿ ಹಾಲು ಕುಡಿಯುವ ರೂಢಿ ಇದೆ. ಆ ಹಾಲಿನಿಂದ ಬರುವ ಬ್ರುಸೆಲ್ಲೋಸಿಸ್ ಬಿಡದ ಜ್ವರದ ಜೊತೆ ಕೀಲುನೋವನ್ನೂ ತರುತ್ತದೆ. ಪಕ್ಕದ ವಿಜಯಪುರದಲ್ಲಿ ಸೂಕ್ಷ್ಮಜೀವಿ ತಜ್ಞ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು ಈ ಸೋಂಕು ತಗುಲಿದ 93 ಮಕ್ಕಳ ವಿವರವನ್ನು 2004ರಲ್ಲಿ ಜರ್ನಲ್ ಆಫ್ ಟ್ರಾಪಿಕಲ್ ಪೀಡಿಯಾಟ್ರಿಕ್ಸ್‌ನಲ್ಲಿ ಪ್ರಕಟಿಸಿದ್ದರು. ಆ ಮಕ್ಕಳಿಗೆ ಬೇಕಾದದ್ದು ಆ್ಯಂಟಿಬಯಾಟಿಕ್. ಅವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಸಂಧಿವಾತದ ಮದ್ದು ಕೊಟ್ಟರೆ ಅನಾಹುತವೇ. ಒಂದೇ ಕೀಲು ತಿಂಗಳುಗಟ್ಟಲೆ ಬಾತಿದ್ದರೆ ಕ್ಷಯವನ್ನೂ ನೆನೆಯಬೇಕು.

ಇನ್ನೊಂದು ತೊಡಕು ಸಂಬಂಧದೊಳಗಿನ ಮದುವೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇಂಥ ಮದುವೆಗಳ ಪಾಲು ಶೇ 27ರಷ್ಟು. ದೇಶದ ಸರಾಸರಿ ಶೇ 11ರ ಆಸುಪಾಸು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಇದು ದಾರಿ. ಅವುಗಳಲ್ಲೊಂದು ಸಂಧಿವಾತದ ಪಡಿಯಚ್ಚು: ಬೆರಳ ಗಂಟುಗಳು ದಪ್ಪಗಾಗುತ್ತವೆ, ಕೀಲು ಬಿಗಿಯುತ್ತದೆ, ನಡಿಗೆ ಕೆಡುತ್ತದೆ. ಆದರೆ ಅಲ್ಲಿ ಉರಿಯೂತವೇ ಇರುವುದಿಲ್ಲ; ಕೆಟ್ಟಿರುವುದು ಮೃದ್ವಸ್ಥಿಯ ಬೆಳವಣಿಗೆ. ಗೊತ್ತಾಗದೆ ವರ್ಷಗಟ್ಟಲೆ ಸಂಧಿವಾತದ ಮಾತ್ರೆ ನುಂಗಿದ ಮಕ್ಕಳಿದ್ದಾರೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಊರ ಹೆಸರನ್ನೇ ಹೊತ್ತ ಕಾಯಿಲೆಯೂ ಕೊನೆಗೆ ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷವೆಂದೇ ತಿಳಿಯಿತು. ಕೀಲು ನೋಯುತ್ತದೆ ಎಂಬ ಒಂದೇ ದೂರಿನ ಹಿಂದೆ ಎಷ್ಟು ಬೇರೆ ಬೇರೆ ಸಂಗತಿಗಳಿರಬಹುದು ಎಂಬುದನ್ನು ಕರ್ನಾಟಕ ಅಂದೇ ಕಂಡಿದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ರಕ್ತದ ಕ್ಯಾನ್ಸರಿನ ಬಗ್ಗೆ. ಮಕ್ಕಳ ಲ್ಯುಕೇಮಿಯಾ ಕೆಲವೊಮ್ಮೆ ಕಾಲುನೋವಾಗಿ, ಕೀಲಿನ ಬಾವಾಗಿಯೇ ಶುರುವಾಗುತ್ತದೆ. ನಡುರಾತ್ರಿ ಮಗುವನ್ನು ಎಬ್ಬಿಸುವ, ಬಾವಿಗೆ ತಾಳೆಯಾಗದಷ್ಟು ತೀವ್ರವಾದ ನೋವು ಅದರ ಸುಳಿವು. ಪರೀಕ್ಷೆ ಮಾಡದೆ ಸ್ಟೆರಾಯ್ಡ್ ಸೂಜಿ ಕೊಟ್ಟರೆ ನೋವು ಎರಡೇ ದಿನದಲ್ಲಿ ಇಳಿಯುತ್ತದೆ, ಡಾಕ್ಟರಿಗೆ ಕೈಗುಣದ ಹೆಸರೂ ಬರುತ್ತದೆ. ಒಳಗಿನ ಕಾಯಿಲೆ ಮಾತ್ರ ಮರೆಯಾಗಿ ಬೆಳೆಯುತ್ತದೆ.

ಇಂಥ ಕವಲುದಾರಿಯಲ್ಲಿ ಎಂಆರ್‌ಐ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕೀಲಿನ ಒಳಪೊರೆ ಊದಿದೆಯೇ, ಊತವಿಲ್ಲದೆ ಮೃದ್ವಸ್ಥಿ ಮಾತ್ರ ಕೆಟ್ಟಿದೆಯೇ, ಎಲುಬಿನೊಳಗಿನ ಮಜ್ಜೆಯ ಬಣ್ಣವೇ ಬದಲಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರದ ಎಳೆ ಸಿಗುತ್ತದೆ.

ಎಕ್ಸ್‌ರೇಗೆ ಕಾಣದ್ದು

ಕೀಲಿನ ಒಳಗೋಡೆಗೆ ಸೈನೋವಿಯಂ ಎಂಬ ತೆಳುಪೊರೆ ಇರುತ್ತದೆ. ಕೀಲು ಸಲೀಸಾಗಿ ಜಾರಲು ಬೇಕಾದ ಅಂಟುದ್ರವ ಒಸರುವುದು ಅದರಿಂದಲೇ. ಜೆಐಎಯಲ್ಲಿ ದೇಹದ ಕಾವಲು ವ್ಯವಸ್ಥೆ ದಾರಿತಪ್ಪಿ ಇದೇ ಪೊರೆಯ ಮೇಲೆ ಬೀಳುತ್ತದೆ. ಪೊರೆ ದಪ್ಪಗಾಗುತ್ತದೆ, ದ್ರವ ತುಂಬಿಕೊಳ್ಳುತ್ತದೆ, ಪಕ್ಕದ ಮಜ್ಜೆಯಲ್ಲಿ ಊತ ಏಳುತ್ತದೆ. ತಿಂಗಳುಗಳು ಉರುಳಿದಂತೆ ಮೃದ್ವಸ್ಥಿ ಸವೆದು, ಕೊನೆಗೆ ಎಲುಬಿನ ಅಂಚು ತಿಂದುಹೋಗುತ್ತದೆ. ಎಕ್ಸ್‌ರೇಗೆ ಚೆನ್ನಾಗಿ ಕಾಣುವುದು ಈ ಕೊನೆಯ ಹಂತ ಮಾತ್ರ. ಮದ್ದಿನಿಂದ ಪೂರ್ತಿ ಹಿಂದಕ್ಕೆ ತರಬಹುದಾದ ಮೊದಲ ಹಂತಗಳಲ್ಲಿ ಎಕ್ಸ್‌ರೇ ವರದಿ ಬಹುತೇಕ ‘ನಾರ್ಮಲ್’.

ಮಕ್ಕಳಲ್ಲಿ ಇನ್ನೊಂದು ಪೇಚು. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳಲ್ಲಿ ಹುಟ್ಟಿದಾಗ ಸಾಮಾನ್ಯವಾಗಿ ಒಂದೂ ಎಕ್ಸ್‌ರೇಗೆ ಕಾಣುವುದಿಲ್ಲ. ಎಲ್ಲ ಇನ್ನೂ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಕಡೆಯ ಬಟಾಣಿಯಾಕಾರದ ಎಲುಬು ಮೂಡುವ ಹೊತ್ತಿಗೆ ಮಗುವಿಗೆ ಒಂಬತ್ತು, ಹತ್ತು ವರ್ಷ ದಾಟಿರುತ್ತದೆ. ಅಂದರೆ ಪುಟ್ಟ ಮಗುವಿನ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಬಹುಪಾಲು ಬರಿ ಖಾಲಿ ಜಾಗ. ಆ ಖಾಲಿ ಜಾಗದಲ್ಲಿರುವ ಮೃದ್ವಸ್ಥಿ, ಪೊರೆ, ದ್ರವ, ರಜ್ಜು ಎಲ್ಲವನ್ನೂ ಎಂಆರ್‌ಐ ತೋರಿಸುತ್ತದೆ.

ಯಂತ್ರದ ಕೆಲಸ ನಡೆಯುವುದು ನಮ್ಮ ಮೈಯೊಳಗಿನ ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್ನಿನಿಂದ. ಸಾಮಾನ್ಯ ಆಸ್ಪತ್ರೆಗಳಲ್ಲಿರುವ 1.5 ಟೆಸ್ಲಾ ಅಯಸ್ಕಾಂತದ ಶಕ್ತಿ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. ಅದರೊಳಗೆ ಹೈಡ್ರೋಜನ್ನಿನ ಪ್ರೋಟಾನುಗಳು ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೋ ಅಲೆ ಹಾಯಿಸಿ ಅವನ್ನು ಕದಲಿಸಿದರೆ ಮತ್ತೆ ನೆಲೆಗೆ ಮರಳುವಾಗ ಸಣ್ಣ ಸಂಕೇತ ಹೊಮ್ಮಿಸುತ್ತವೆ. ಆ ಸಂಕೇತಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಈ ವಿದ್ಯೆಗೆ ತಳಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಎಕ್ಸ್‌ರೇ, ಸಿ.ಟಿ.ಯಂತೆ ವಿಕಿರಣದ ಭಯ ಇಲ್ಲದ್ದರಿಂದ ಬೆಳೆಯುವ ಮಕ್ಕಳಿಗೆ ಮತ್ತೆ ಮತ್ತೆ ಮಾಡಿದರೂ ಆ ಲೆಕ್ಕದಲ್ಲಿ ಆತಂಕವಿಲ್ಲ.

ಕೋಣೆಯೊಳಗೆ ಮುಕ್ಕಾಲು ಗಂಟೆ

ಸ್ಕ್ಯಾನಿಂಗ್ ದಿನ ಬಾಗಿಲಲ್ಲೇ ಮೊದಲ ತಪಾಸಣೆ. ಕಾಲ್ಗೆಜ್ಜೆ, ಕಿವಿಯ ರಿಂಗು, ಬೆಳ್ಳಿಯ ಉಡದಾರ, ತೋಳಿಗೆ ಕಟ್ಟಿದ ತಾಯತ, ಕೂದಲ ಕ್ಲಿಪ್ಪು ಎಲ್ಲ ಹೊರಗೆ. ತಾಯತ ಬಿಚ್ಚಲು ಮನೆಯವರು ಹಿಂದೆಮುಂದೆ ನೋಡುತ್ತಾರೆ, ತಂತ್ರಜ್ಞರು ಬಿಡುವುದಿಲ್ಲ, ಬಿಡಲೂಬಾರದು. ಲೋಹ ಚಿತ್ರವನ್ನು ಕೆಡಿಸುತ್ತದೆ, ಚರ್ಮವನ್ನು ಸುಡಲೂಬಹುದು. ಕಬ್ಬಿಣವಾದರೆ ಹಾರಿಯೇ ಹೋಗುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಈ ಕೋಣೆ ಹೊಕ್ಕ ಯುವಕನೊಬ್ಬ ಯಂತ್ರದ ಸೆಳೆತಕ್ಕೆ ಸಿಕ್ಕು ಸತ್ತದ್ದು ದೇಶಕ್ಕೇ ಸುದ್ದಿಯಾಗಿತ್ತು. ಸ್ಕ್ಯಾನ್ ನಡೆಯದಿದ್ದಾಗಲೂ ಅಯಸ್ಕಾಂತ ಸದಾ ಜೀವಂತ.

ಒಳಗೆ ಮಗುವನ್ನು ಮಲಗಿಸಿ, ನೋಡಬೇಕಾದ ಕೀಲಿನ ಸುತ್ತ ಕಾಯಿಲ್ ಎಂಬ ಗ್ರಾಹಕವನ್ನು ಜೋಡಿಸುತ್ತಾರೆ. ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್. ಆಮೇಲೆ ಶುರುವಾಗುವ ಸದ್ದು 100 ಡೆಸಿಬೆಲ್ ದಾಟುತ್ತದೆ. ಅರ್ಧದಿಂದ ಮುಕ್ಕಾಲು ಗಂಟೆ ಕದಲದೆ ಮಲಗಬೇಕು. ಏಳೆಂಟು ವರ್ಷದ ಮಗು, ತಾಯಿ ಪಕ್ಕದಲ್ಲಿದ್ದು ಕಾಲು ಮುಟ್ಟಿಕೊಂಡಿದ್ದರೆ, ಇದನ್ನು ತಡೆದುಕೊಳ್ಳುತ್ತದೆ. ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ನಿದ್ದೆಯ ಔಷಧ ಬೇಕು. ಆಗ ಸ್ಕ್ಯಾನಿಗೆ ಆರು ಗಂಟೆ ಮೊದಲಿನಿಂದ ಊಟ ಬಂದ್, ಪಕ್ಕದಲ್ಲಿ ಅರಿವಳಿಕೆ ತಜ್ಞರು, ಉಸಿರಾಟದ ಮೇಲೆ ಕಣ್ಣು. ‘ಹಸಿದಾಳ’ ಎಂದು ಮರುಕಪಟ್ಟು ಹೊರಗೆ ಬಿಸ್ಕೀಟು ತಿನ್ನಿಸಿದರೆ ಅಂದಿನ ಪರೀಕ್ಷೆ ಕೆಟ್ಟಿತು. ನಿದ್ದೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಆಪತ್ತು.

ನಡುವೆ ಒಮ್ಮೆ ಸ್ಕ್ಯಾನ್ ನಿಲ್ಲಿಸಿ ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಔಷಧ ಕೊಡುತ್ತಾರೆ. ಉರಿಯೂತವಿರುವ ಪೊರೆಗೆ ರಕ್ತಸಂಚಾರ ಹೆಚ್ಚು. ಔಷಧ ಅಲ್ಲಿ ಬೇಗ ಸೇರಿ, ಚಿತ್ರದಲ್ಲಿ ಪೊರೆ ಬೆಳ್ಳಗೆ ಹೊಳೆಯುತ್ತದೆ. ಇಲ್ಲಿ ಹೊತ್ತಿನ ಲೆಕ್ಕ ಬಿಗಿ. ಕಾಲುವೆಗೆ ಬಿಟ್ಟ ನೀರು ಮೊದಲು ಕಾಲುವೆಯಲ್ಲೇ ಹರಿದು, ಸ್ವಲ್ಪ ಹೊತ್ತಿಗೆ ಬದು ಸೋರಿ ಹೊಲವೆಲ್ಲ ಹಸಿಯಾಗುವಂತೆ, ಪೊರೆಗೆ ಬಂದ ಔಷಧ ನಿಧಾನಕ್ಕೆ ಕೀಲಿನ ದ್ರವಕ್ಕೂ ಸೋರುತ್ತದೆ. ಆಮೇಲೆ ತೆಗೆದ ಚಿತ್ರದಲ್ಲಿ ಪೊರೆ ಯಾವುದು, ದ್ರವ ಯಾವುದು ತಿಳಿಯುವುದಿಲ್ಲ. ಸೂಜಿ ಕೊಟ್ಟ ಮೊದಲ ಕೆಲವೇ ನಿಮಿಷಗಳಲ್ಲಿ ಚಿತ್ರ ತೆಗೆಯಬೇಕು ಎನ್ನುವುದು ಇದಕ್ಕೇ. ಗ್ಯಾಡೋಲಿನಿಯಂ ಕೊಡುವ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ನೋಡುವುದು ವಾಡಿಕೆ. ಈ ಲೋಹದ ಕಿಂಚಿತ್ ಅಂಶ ಮಿದುಳಿನಲ್ಲಿ ಉಳಿಯುತ್ತದೆ ಎಂಬುದು 2014ರಿಂದೀಚೆಗೆ ತಿಳಿದುಬಂದಿದೆ. ಅದರಿಂದ ಹಾನಿಯಾದದ್ದು ಸಾಬೀತಾಗಿಲ್ಲ. ಆದರೂ ಮಕ್ಕಳಿಗೆ ಲೋಹವನ್ನು ಭದ್ರವಾಗಿ ಹಿಡಿದಿಡುವ ಬಗೆಯ ಔಷಧವನ್ನೇ, ಬೇಕಾದಾಗ ಮಾತ್ರ ಬಳಸುವುದು ಈಗಿನ ಪದ್ಧತಿ.

ಬೆಳೆಯುವ ಎಲುಬು ಕಣ್ಣಿಗೆ ಮೋಸ ಮಾಡುತ್ತದೆ

ಚಿತ್ರ ತೆಗೆದದ್ದಾಯಿತು, ಓದುವವರು ಯಾರು? ದೊಡ್ಡವರ ಕೀಲಿನ ಎಂಆರ್‌ಐ ಓದಿ ಪಳಗಿದ ಕಣ್ಣಿಗೆ ಮಗುವಿನ ಚಿತ್ರ ಸುಲಭವಲ್ಲ. ಯಾವ ಕಾಯಿಲೆಯೂ ಇಲ್ಲದ ಮಕ್ಕಳ ಮಣಿಕಟ್ಟನ್ನು ಸ್ಕ್ಯಾನ್ ಮಾಡಿ ನೋಡಿದ ಯುರೋಪಿನ ಸಂಶೋಧಕರಿಗೆ ಅನೇಕ ಎಲುಬುಗಳ ಮೇಲೆ ಸಣ್ಣ ಸಣ್ಣ ತಗ್ಗುಗಳು ಕಂಡವು. ದೊಡ್ಡವರಲ್ಲಾದರೆ ಅವನ್ನು ಸಂಧಿವಾತ ಕೊರೆದ ಗುರುತು ಎಂದೇ ಬರೆಯುತ್ತಿದ್ದರು. ಆರೋಗ್ಯವಂತ ಮಕ್ಕಳ ಮಜ್ಜೆಯಲ್ಲೂ ಊತದಂಥ ಬಿಳಿ ಮಚ್ಚೆಗಳಿದ್ದವು. ಕೆಂಪು ಮಜ್ಜೆ ಹಳದಿಯಾಗಿ ಮಾರ್ಪಡುತ್ತಿರುವ, ಬೆಳವಣಿಗೆಯ ಪಟ್ಟಿಗಳು ಇನ್ನೂ ಮುಚ್ಚದ ಎಲುಬಿನಲ್ಲಿ ಇವೆಲ್ಲ ಸಹಜ. ಸೊಂಟದ ಹಿಂಭಾಗದ ಸ್ಯಾಕ್ರೋಇಲಿಯಾಕ್ ಕೀಲಿನಲ್ಲಂತೂ ಸಹಜ ಬೆಳವಣಿಗೆಯ ಹೊಳಪನ್ನು ಕಾಯಿಲೆಯೆಂದು ಬಗೆದು ಮದ್ದು ಶುರು ಮಾಡುವ ಅಪಾಯ ಇದೆ.

ಈ ಗೊಂದಲ ಕಡಿಮೆ ಮಾಡಲು ಆ್ಯಮ್‌ಸ್ಟರ್‌ಡ್ಯಾಮಿನ ತಂಡವೊಂದು 2013ರಲ್ಲಿ ಮಕ್ಕಳ ಮೊಣಕಾಲಿಗೆಂದೇ ಅಂಕ ಕೊಡುವ ಕ್ರಮವೊಂದನ್ನು ಮುಂದಿಟ್ಟಿತು. ಜ್ಯಾಮ್ರಿಸ್ ಎಂಬ ಈ ಕ್ರಮದಲ್ಲಿ ನೋಡುವುದು ನಾಲ್ಕು ಸಂಗತಿ: ಪೊರೆಯ ದಪ್ಪ, ಮಜ್ಜೆಯ ಬದಲಾವಣೆ, ಮೃದ್ವಸ್ಥಿಯ ಹಾನಿ, ಎಲುಬಿನ ಕೊರೆತ. ಪೊರೆ 2 ಮಿಲಿಮೀಟರಿಗಿಂತ ತೆಳುವಿದ್ದರೆ ಸೊನ್ನೆ, 2ರಿಂದ 4ರೊಳಗಿದ್ದರೆ ಒಂದು, ಅದಕ್ಕೂ ದಪ್ಪವಿದ್ದರೆ ಎರಡು ಅಂಕ. ಮಿಲಿಮೀಟರಿನ ಈ ಜಗ್ಗಾಟ ಕ್ಷುಲ್ಲಕ ಎನಿಸಬಹುದು. ಆದರೆ ಆರು ತಿಂಗಳ ಮದ್ದು ನಾಟಿತೇ ಇಲ್ಲವೇ ಎಂದು ಬೆಂಗಳೂರಿನ ವೈದ್ಯರೂ ಬೆಳಗಾವಿಯ ವೈದ್ಯರೂ ಒಂದೇ ಭಾಷೆಯಲ್ಲಿ ಮಾತಾಡಲು ಇಂಥ ಅಳತೆಗೋಲು ಬೇಕು.

ವರದಿಯ ಹಾಳೆಯಲ್ಲಿ ‘ಎರೋಷನ್’, ‘ಎಡೀಮಾ’ ಎಂಬ ಪದ ಕಂಡೊಡನೆ ಮನೆಯವರು ಎದೆಗುಂದಬೇಕಿಲ್ಲ. ಮಗುವನ್ನು ಮುಟ್ಟಿ ನೋಡಿದ ವೈದ್ಯರೇ ಆ ಹಾಳೆಗೆ ಅರ್ಥ ಹೇಳಬೇಕು.

ದವಡೆ, ಸೊಂಟ: ಕೈಗೆ ಸಿಗದ ಕೀಲುಗಳು

ಮೊಣಕಾಲಿನಲ್ಲಿ ನೀರು ತುಂಬಿದೆಯೇ ಎಂದು ತಿಳಿಯಲು ವೈದ್ಯರಿಗೆ ಅಂಗೈ ಸಾಕು. ಚಿಪ್ಪಿನ ಒಳಬದಿಯನ್ನು ಮೇಲ್ಮುಖವಾಗಿ ಸವರಿ, ಹೊರಬದಿಯನ್ನು ಕೆಳಮುಖವಾಗಿ ಒತ್ತಿದರೆ, ಒಳಬದಿಯ ತಗ್ಗು ಮೆಲ್ಲಗೆ ಉಬ್ಬಿ ಬರುತ್ತದೆ. ಬೆರಳು, ಹರಡು, ಮೊಣಕೈಗಳೂ ಹೀಗೆ ಕೈಗೆ ಸಿಗುತ್ತವೆ. ಇಲ್ಲೆಲ್ಲ ಎಂಆರ್‌ಐ ಅವಸರವಿಲ್ಲ. ಅನುಮಾನವಿದ್ದರೆ ಡಾಪ್ಲರ್ ಸಹಿತದ ಅಲ್ಟ್ರಾಸೌಂಡ್ ಅಗ್ಗದಲ್ಲಿ, ನಿದ್ದೆಯ ಔಷಧವಿಲ್ಲದೆ, ತಾಯಿಯ ತೊಡೆಯ ಮೇಲೆಯೇ ಆಗುತ್ತದೆ.

ಕೈಗೆ ಸಿಗದ ಕೀಲುಗಳ ಮಾತು ಬೇರೆ. ದವಡೆಯ ಕೀಲು ಅವುಗಳಲ್ಲಿ ಮೊದಲನೆಯದು. ಕೆಳದವಡೆಯ ಬೆಳವಣಿಗೆಯ ಕೇಂದ್ರ ಆ ಕೀಲಿನ ತುದಿಯಲ್ಲೇ, ತೆಳು ಹೊದಿಕೆಯ ಅಡಿಯಲ್ಲಿದೆ. ಅಲ್ಲಿ ಉರಿಯೂತವಾದರೆ ಮಗು ಹೆಚ್ಚಾಗಿ ನೋವೆನ್ನುವುದೇ ಇಲ್ಲ. ದವಡೆ ಬೆಳೆಯುವುದು ನಿಧಾನವಾಗುತ್ತದೆ, ಗದ್ದ ಹಿಂದೆ ಸರಿಯುತ್ತದೆ, ಒಂದೇ ಬದಿಗಾದರೆ ಮುಖ ಸೊಟ್ಟಗಾಗುತ್ತದೆ. ಕಟಕ ರೊಟ್ಟಿಯ ನಮ್ಮ ನಾಡಿನಲ್ಲಿ ಇದಕ್ಕೊಂದು ಮನೆಯ ಸುಳಿವು ಇದೆ. ಮೊದಲು ರೊಟ್ಟಿ ಮುರಿದು ತಿನ್ನುತ್ತಿದ್ದ ಮಗು ಈಗ ಹಾಲಿನಲ್ಲಿ ನೆನೆಸಿ ಕೊಟ್ಟರಷ್ಟೇ ತಿನ್ನುತ್ತದೆ ಎಂದರೆ ಹಟ ಎಂದು ಬಯ್ಯುವ ಮೊದಲು ಬಾಯಿ ತೆರೆಸಿ ನೋಡಿ. ತನ್ನದೇ ಮೂರು ಬೆರಳನ್ನು ನಿಲ್ಲಿಸಿ ಬಾಯೊಳಗೆ ಇಡಲು ಮಗುವಿಗೆ ಆಗಬೇಕು. ದವಡೆ ಕೀಲಿನ ಉರಿಯೂತ ನೋಡಲು ಗ್ಯಾಡೋಲಿನಿಯಂ ಸಹಿತದ ಎಂಆರ್‌ಐಗಿಂತ ಒಳ್ಳೆಯ ಪರೀಕ್ಷೆ ಸದ್ಯಕ್ಕೆ ಇಲ್ಲ.

ಚಪ್ಪೆಯ ಕೀಲು, ಸೊಂಟದ ಸ್ಯಾಕ್ರೋಇಲಿಯಾಕ್ ಕೀಲುಗಳೂ ಹೀಗೆಯೇ ಆಳದಲ್ಲಿವೆ. ಬೆಳಗಿನ ಸೊಂಟನೋವು, ಹಿಮ್ಮಡ ನೋವು ಇರುವ ಹನ್ನೆರಡರ ಹುಡುಗನಲ್ಲಿ ಎಕ್ಸ್‌ರೇ ಬದಲಾಗಲು ವರ್ಷಗಳೇ ಬೇಕಾಗಬಹುದು. ಎಂಆರ್‌ಐ ಮಜ್ಜೆಯ ಊತವನ್ನು ಅದಕ್ಕೂ ಮೊದಲೇ ತೋರಿಸುತ್ತದೆ. ಯುರೋಪಿನ ಸಂಧಿವಾತ ತಜ್ಞರ ಮತ್ತು ಮಕ್ಕಳ ಸಂಧಿವಾತ ತಜ್ಞರ ಸಂಘಟನೆಗಳು ಸೇರಿ 2015ರಲ್ಲಿ ಕೊಟ್ಟ ಸಲಹೆಗಳ ತಿರುಳೂ ಇದೇ: ಉರಿಯೂತ ಗುರುತಿಸುವುದರಲ್ಲಿ ಅಲ್ಟ್ರಾಸೌಂಡ್, ಎಂಆರ್‌ಐ ಎರಡೂ ಬರಿ ಕೈತಪಾಸಣೆಗಿಂತ ಸೂಕ್ಷ್ಮ, ಯಾವ ಕೀಲು, ಯಾವ ಪ್ರಶ್ನೆ ಎಂಬುದನ್ನು ನೋಡಿ ಆಯ್ದುಕೊಳ್ಳಬೇಕು.

ಎಂಆರ್‌ಐಗೆ ಆಗದ ಕೆಲಸಗಳೂ ಇವೆ. ಜೆಐಎಯ ಪುಟ್ಟ ಮಕ್ಕಳಲ್ಲಿ ಕಣ್ಣಿನೊಳಗೆ ಸದ್ದಿಲ್ಲದೆ ಉರಿಯೂತ ಬರುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ದೃಷ್ಟಿ ಹೋದಮೇಲೆಯೇ ತಿಳಿಯುವುದು. ಅದನ್ನು ಹಿಡಿಯುವುದು ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪ್. ಅಪಾಯ ಹೆಚ್ಚಿರುವ ಮಗುವಿಗೆ ಮೂರು ತಿಂಗಳಿಗೊಮ್ಮೆ ಆ ಪರೀಕ್ಷೆ ಆಗಬೇಕು. ಕಾಲುದ್ದದ ವ್ಯತ್ಯಾಸಕ್ಕೂ ಎಂಆರ್‌ಐ ಬೇಡ. ಉರಿಯೂತವಿರುವ ಮೊಣಕಾಲಿನತ್ತ ರಕ್ತ ಹೆಚ್ಚು ಹರಿದು ಆ ಕಾಲೇ ಉದ್ದವಾಗುತ್ತದೆ; ಒಂದು ಟೇಪು ಸಾಕು. ಇನ್ನು, ಮೇಲ್ನೋಟಕ್ಕೆ ಪೂರ್ತಿ ವಾಸಿಯಾದ ಮಗುವಿನ ಕೀಲಿನಲ್ಲೂ ಎಂಆರ್‌ಐ ಅಲ್ಪಸ್ವಲ್ಪ ಉರಿಯೂತ ತೋರಿಸಬಹುದು. ಅಂಥಾಗ ಮದ್ದು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬುದು ವೈದ್ಯಲೋಕದಲ್ಲೇ ಇನ್ನೂ ಇತ್ಯರ್ಥವಾಗಿಲ್ಲ.

ದೂರ ಇರುವುದು ಯಂತ್ರವಷ್ಟೇ ಅಲ್ಲ

ಜಮಖಂಡಿ ಸೀಮೆಯವರು ದೊಡ್ಡ ಕಾಯಿಲೆಗೆ ಮಿರಜ್ ದಾರಿ ಹಿಡಿಯುವುದು ಇಂದಿನದಲ್ಲ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಕಾಲದ ರೂಢಿ. ಈಗ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಸ್ಕ್ಯಾನಿಂಗ್ ಕೇಂದ್ರಗಳಿವೆ. 2023ರಲ್ಲಿ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ 1.5 ಟೆಸ್ಲಾದ ದೇಶೀ ಎಂಆರ್‌ಐ ಯಂತ್ರವನ್ನೂ ಹೊರತಂದಿತು. ಯಂತ್ರಗಳು ದಿನೇ ದಿನೇ ಹತ್ತಿರ ಬರುತ್ತಿವೆ. ಮಕ್ಕಳ ಸಂಧಿವಾತಕ್ಕೆಂದೇ ತರಬೇತಾದ ತಜ್ಞರು ಮಾತ್ರ ಬಹುತೇಕ ಬೆಂಗಳೂರಿನಲ್ಲೇ ಉಳಿದಿದ್ದಾರೆ. ತುಬಚಿಯಿಂದ ಅದು ಒಂದು ಇಡೀ ರಾತ್ರಿಯ ಪ್ರಯಾಣ.

ಅದಕ್ಕಿಂತ ದೊಡ್ಡ ಅಂತರ ಊರಿನೊಳಗೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಆ ತಂಡ ಹುಡುಕುವ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗ ಇದೆ, ರಿಕೆಟ್ಸ್ ಇದೆ, ಹುಟ್ಟಿನಿಂದ ಸೊಟ್ಟಗಿರುವ ಪಾದ ಇದೆ, ಸಂಧಿವಾತ ಇಲ್ಲ. ಇದನ್ನು ಸೇರಿಸಲು ಹೊಸ ಯಂತ್ರ, ಹೊಸ ಹುದ್ದೆ ಏನೂ ಬೇಡ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಹೆಲೆನ್ ಫಾಸ್ಟರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪಿಗ್ಯಾಲ್ಸ್ ತಪಾಸಣೆ ಎರಡು ಮೂರು ನಿಮಿಷದ್ದು. ಕೇಳುವುದು ಮೂರೇ ಪ್ರಶ್ನೆ: ಕೀಲು, ಸ್ನಾಯು, ಬೆನ್ನಿನಲ್ಲಿ ನೋವು ಅಥವಾ ಬಿಗಿತ ಇದೆಯೇ? ಬಟ್ಟೆ ತಾನೇ ಹಾಕಿಕೊಳ್ಳಲು ಕಷ್ಟವೇ? ಮೆಟ್ಟಿಲು ಹತ್ತಿ ಇಳಿಯಲು ಕಷ್ಟವೇ? ಆಮೇಲೆ ಮಗುವನ್ನು ನಡೆಸಿ, ತುದಿಗಾಲ ಮೇಲೆ ನಿಲ್ಲಿಸಿ, ಮುಷ್ಟಿ ಕಟ್ಟಿಸಿ, ಕೈ ಮುಗಿಸಿ, ಬಾಯಿ ತೆರೆಸಿ ನೋಡುವುದು. ಬೆಳಗಿನ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳಲ್ಲಿ ಕೈ ಪೂರ್ತಿ ಜೋಡಿಸಲಾಗದ ಮಗು ಯಾವುದು ಎಂದು ಶಿಕ್ಷಕರಿಗೇ ಗೊತ್ತಾಗುತ್ತದೆ.

ಬೇಗ ಹಿಡಿದರೆ ಪ್ರಯೋಜನವಿದೆ ಎಂಬುದಕ್ಕೆ ಮದ್ದುಗಳೇ ಸಾಕ್ಷಿ. ಬಾತ ಕೀಲಿನೊಳಗೇ ಕೊಡುವ ಒಂದು ಸ್ಟೆರಾಯ್ಡ್ ಸೂಜಿ ಎಷ್ಟೋ ಮಕ್ಕಳಿಗೆ ತಿಂಗಳುಗಟ್ಟಲೆ ಆರಾಮ ಕೊಡುತ್ತದೆ. ಮೆಥೊಟ್ರೆಕ್ಸೇಟ್ ಮಕ್ಕಳ ಸಂಧಿವಾತದಲ್ಲಿ ಫಲಕಾರಿ ಎಂದು 1992ರಲ್ಲೇ ಸಾಬೀತಾಗಿದೆ, ಬೆಲೆಯೂ ಕಡಿಮೆ. ಅದನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ತಪ್ಪಿ ದಿನಾಲೂ ಕೊಟ್ಟರೆ ಪ್ರಾಣಾಪಾಯ. ಅದಕ್ಕೂ ಬಗ್ಗದಿದ್ದರೆ ಬಯೋಲಾಜಿಕ್ ಔಷಧಗಳಿವೆ. ಅವುಗಳಲ್ಲೊಂದಾದ ಅಡಾಲಿಮುಮಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ತದ್ರೂಪಿ ಔಷಧ, 2014ರಲ್ಲಿ ಭಾರತದಲ್ಲೇ ತಯಾರಾಯಿತು. ಶುರುಮಾಡುವ ಮೊದಲು ಒಳಗೆ ಅಡಗಿದ ಕ್ಷಯ ಇಲ್ಲವೆಂದು ಖಾತ್ರಿಮಾಡಿಕೊಳ್ಳಬೇಕು, ಅಷ್ಟೆ. ಹಿಂದಿನ ತಲೆಮಾರಿನಲ್ಲಿ ಕೋಲು ಹಿಡಿಯುತ್ತಿದ್ದ ಮಕ್ಕಳು ಇಂದು ಓಡಿ ಆಡಿ ಶಾಲೆ ಕಲಿಯಬಹುದು.

ಹಾಗಾಗಿ ಪಾಲಕರಿಗೆ, ಮಾಸ್ತರರಿಗೆ, ಆಶಾ ಕಾರ್ಯಕರ್ತೆಯರಿಗೆ ಹೇಳಬೇಕಾದ ಮಾತು ಇಷ್ಟು. ಬೆಳಿಗ್ಗೆ ಕುಂಟಿ ಮಧ್ಯಾಹ್ನ ಸರಿಯಾಗುವ ನಡಿಗೆ, ಪೆಟ್ಟಿಲ್ಲದೆ ಬಾತ ಕೀಲು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆರು ವಾರ ದಾಟಿದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿತ, ರಾತ್ರಿ ನೋವು ಇದ್ದರೆ ಒಂದು ವಾರವೂ ಕಾಯಬೇಡಿ. ಏನೆಂದು ತಿಳಿಯುವ ಮೊದಲು ಸ್ಟೆರಾಯ್ಡ್ ಮಾತ್ರೆ, ಸೂಜಿ ಬೇಡ. ಎಂಆರ್‌ಐ ಬರೆದುಕೊಟ್ಟರೆ, ‘ಇದರಿಂದ ಏನು ತಿಳಿಯಬೇಕಾಗಿದೆ ಸರ್?’ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಇರುವ ಸ್ಕ್ಯಾನಿಗೆ ಹಣ ಹಾಕುವುದು ದಂಡವಲ್ಲ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ; ಏನೇನು ಅದರಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ. ಸರ್ಕಾರಕ್ಕೆ ಹೇಳಬೇಕಾದದ್ದು ಇನ್ನೂ ಚಿಕ್ಕದು: ಶಾಲಾ ತಪಾಸಣೆಯ ಹಾಳೆಯಲ್ಲಿ ಕೀಲಿಗೂ ಒಂದು ಸಾಲು ಸೇರಿಸಿ.